ಅರಗು ಮೆತ್ತಿದ ಗುಂಡಿ

"ಮಾಸ್ತರೇ, ಎಷ್ಟು ಕರೆದರೂ ಉತ್ತರ ಬಾರದಿದ್ದರೆ ಕರೆಯುವುದನ್ನು ಯಾವಾಗ ಬಿಡಬೇಕು?" ಎಂದು ಶಿವಲೀಲಾ ಕೇಳಿದಳು.

ರೇವಪ್ಪ ಮಾಸ್ತರರ ಬಳಿ ಅವಳು ರೇಡಿಯೋದಲ್ಲಿ ಗಿಡ್ಡ, ಉದ್ದ ಸದ್ದುಗಳಿಂದ ಅಕ್ಷರ ಕಳಿಸುವ ಮೋರ್ಸ್ ಕಲಿಯುತ್ತಿದ್ದಳು. ಆದರೆ ಪ್ರಶ್ನೆ ರೇಡಿಯೋದ್ದಲ್ಲ. ಜಗಳವಾಡಿ ಬೇರೆ ಊರು ಸೇರಿದ ಅಣ್ಣನಿಗೆ ಆರು ವರ್ಷದಿಂದ ಕಾಗದ ಬರೆಯುತ್ತಿದ್ದಳು. ಅವನಿಂದ ಸುಗ್ಗಿಗೊಂದು ಜೋಳದ ಚೀಲ ಬರುತ್ತಿತ್ತು, ಕಾಗದ ಬಂದಿರಲಿಲ್ಲ. ಮೊದಲು ಕಾಗದ ಬರಲಿ, ಆಮೇಲೆ ಅವನಲ್ಲಿಗೆ ಹೋಗುತ್ತೇನೆ ಎಂದು ಅವಳ ಹಟ.

ಮಾಸ್ತರರು ಹೆಡ್‌ಫೋನ್ ತೆಗೆದಿಟ್ಟರು. ತಮ್ಮ ಟ್ರಾನ್ಸ್‌ಮಿಟರ್ ಹಚ್ಚಿದರೆ ಆಸ್ಟ್ರೇಲಿಯಾದ ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತುತ್ತಿದ್ದವು ಎಂದು ಹೇಳಿಕೊಳ್ಳುವ ಮನುಷ್ಯ ಅವರು. ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ತಮ್ಮ ಆಂಟೆನಾದ ಮೇಲೆ ಸಿಡಿಲು ಬೀಳಲಿ ಎಂದು ಆಣೆಯಿಟ್ಟು ಶುರುಮಾಡಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೊಬ್ಬ ಗೆಳೆಯ, ದವಾಖಾನೆಯ ಕಂಪೌಂಡರ್. ಗುಜರಿಯಲ್ಲಿ ಆಯ್ದ ಹಳೆಯ ರೇಡಿಯೋದ ಗಾಜಿನ ವಾಲ್ವು, ಬಿಸ್ಕತ್ತಿನ ಡಬ್ಬಿಯ ತಗಡು, ಔಷಧದ ಬಾಟಲಿಗೆ ಸುತ್ತಿದ ತಂತಿ, ಇಷ್ಟು ಸೇರಿಸಿ ಇಬ್ಬರೂ ಒಂದೊಂದು ಟ್ರಾನ್ಸ್‌ಮಿಟರ್ ಕಟ್ಟಿದರು. ಅದರೊಳಗೆ ಒಂದು ಸ್ಫಟಿಕದ ಬಿಲ್ಲೆ. ಬಿಲ್ಲೆ ಎಷ್ಟು ದಪ್ಪವೋ ಅದಕ್ಕೆ ತಕ್ಕಂತೆ ರೇಡಿಯೋ ಪಟ್ಟಿಯ ಒಂದೇ ಜಾಗದಲ್ಲಿ ಟ್ರಾನ್ಸ್‌ಮಿಟರ್ ಮಾತಾಡುತ್ತದೆ. ಆಚೆ ಸರಿ ಎಂದರೆ ಸರಿಯದು. ಇಬ್ಬರೂ ಒಂದೇ ಅಳತೆಗೆ ಬಿಲ್ಲೆ ಉಜ್ಜಿಕೊಂಡರು. ಒಬ್ಬ ಕರೆದ ಜಾಗದಲ್ಲೇ ಇನ್ನೊಬ್ಬನ ಉತ್ತರ.

ಕರೆ ಕೇಳಿಸಿಕೊಳ್ಳುವ ಡಬ್ಬಿ ಬೇರೆ, ರಿಸೀವರ್; ಒಳ್ಳೆಯ ರಿಸೀವರಿಗೆ ಎರಡು ವಾಲ್ವು ಸಾಕೆಂದು ಗಡಿಯಾರದವನ ವಾದ, ಏಳಾದರೂ ಬೇಕೆಂದು ಕಂಪೌಂಡರನದು. ನಿನ್ನ ಡಬ್ಬಿ ಊರ ನಾಯಿಗಳಿಗಿಂತ ಹೆಚ್ಚು ಊಳಿಡುತ್ತದೆ ಎಂದು ಕಂಪೌಂಡರ್, ನಿನ್ನದರ ಕಾವಿಗೆ ರೊಟ್ಟಿ ಬೇಯಿಸಬಹುದು, ಕೇಳಿಸುವುದೇನೂ ಇಲ್ಲ ಎಂದು ಗಡಿಯಾರದವನು. ನಗುತ್ತಾ ಆಡಿದ್ದು ಎಲ್ಲೋ ಹೋಗಿ ನಾಟಿತು. ಮಾತು ನಿಂತಿತು. ಅದೇ ವರ್ಷ ಕಂಪೌಂಡರಿಗೆ ದೂರದೂರಿಗೆ ವರ್ಗವಾಯಿತು. ಅವನು ವಿಳಾಸ ಕೊಡಲಿಲ್ಲ, ಇವನು ಕೇಳಲಿಲ್ಲ.

ಗಡಿಯಾರದವನಿಗೆ ಸಂಜೆಗಳು ಉದ್ದವಾದವು. ಗೆಳೆಯನನ್ನು ಕರೆಯತೊಡಗಿದ. ಉಳಿದ ರೇಡಿಯೋ ಹವ್ಯಾಸಿಗಳೆಲ್ಲ ಕರೆದಾದ ಮೇಲೆ ರಿಸೀವರಿನ ಗುಂಡಿ ತಿರುಗಿಸುತ್ತಾ ಈ ತುದಿಯಿಂದ ಆ ತುದಿಯವರೆಗೆ ಉತ್ತರ ಹುಡುಕುತ್ತಿದ್ದರು, ಅದು ಪದ್ಧತಿ. ಇವನು ಹುಡುಕಲಿಲ್ಲ. ಅವನು ಬಂದರೆ ಹಳೆಯ ಜಾಗಕ್ಕೇ ಬರುತ್ತಾನೆ, ಆ ಹೊತ್ತಿಗೆ ಗುಂಡಿ ಕೂದಲೆಳೆಯಷ್ಟೂ ಸರಿದಿರಬಾರದು ಎಂದು ಅದಕ್ಕೆ ಅರಗು ಮೆತ್ತಿಬಿಟ್ಟ. ಹನ್ನೊಂದು ವರ್ಷ ಕರೆದ. ಹನ್ನೊಂದು ವರ್ಷ ಬರೀ ಸುಯ್ಯೆನ್ನುವ ಸದ್ದು ಕೇಳಿದ.

ಒಂದು ಬೇಸಗೆಯಲ್ಲಿ ವಾಲ್ವಿನ ಕಾವಿಗೆ ಅರಗು ಕರಗಿತು. ಕೈ ತಾಗಿ ಗುಂಡಿ ಸರಿಯಿತು. ಸಣ್ಣಗೆ ಮೋರ್ಸ್ ಕೇಳಿಸಿತು. ಅಕ್ಷರ ಬಿಡಿಸುವ ಮೊದಲೇ ಅವನಿಗೆ ಮೋರ್ಸ್ ಕೀಲಿ ಒತ್ತುವ ಕೈಯ ಗುರುತು ಸಿಕ್ಕಿತು. ಪ್ರತಿ ಮಾತಿನ ಕೊನೆಯನ್ನು ಹಾಗೆ ಎಳೆಯುವವನು ಲೋಕದಲ್ಲಿ ಒಬ್ಬನೇ. ಕಂಪೌಂಡರನ ಹಳೆಯ ಬಿಲ್ಲೆ ಊರು ಬಿಡುವಾಗಲೇ ಒಡೆದಿತ್ತು. ಬೇರೆಯದನ್ನು ಉಜ್ಜಿಕೊಂಡಿದ್ದ. ಅವನ ಜಾಗ ಬೇರೆಯಾಗಿತ್ತು.

"ದಿನಾ ಕರೀತೀಯ, ದಿನಾ ಓಗೊಡ್ತೀನಿ," ಎನ್ನುತ್ತಿತ್ತು ಆ ಕೈ. "ಇವತ್ತೂ ನಿನಗೆ ಕೇಳಿಸಲಿಲ್ಲ. ನಾಳೆ ಮತ್ತೆ ಬರ್ತೀನಿ."

ಗಡಿಯಾರದವನು ಕೀಲಿ ಮುಟ್ಟಿದ. ಹನ್ನೊಂದು ವರ್ಷ ತಪ್ಪಿಲ್ಲದೆ ಒತ್ತಿದ ಬೆರಳಿಗೆ ಆ ಸಂಜೆ ಒಂದಕ್ಷರವೂ ನೆಟ್ಟಗೆ ಬರಲಿಲ್ಲ.

ಶಿವಲೀಲಾ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟಳು. ಅರಗು ಕರಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮೆಲ್ಲಗೆ ಕೇಳಿದಳು. ಮಾಸ್ತರರು ಹೇಳಿದರು:

"ಕರಗಿತು ಅಂದೆನಲ್ಲ ತಂಗೀ, ಅದೊಂದೇ ನಾನು ಸೇರಿಸಿದ್ದು, ಅರಗು ತಾನಾಗಿ ಕರಗುವುದಿಲ್ಲ, ಕೂತು ಕೆರೆಯಬೇಕು."