ಮೇಲೆ ಹೋದ ಚೆಂಡು ಯಾರದು?

"ಗುರುಗಳೇ, 'ನಂದು' ಎನ್ನುವ ಮಾತನ್ನು ನಾನು ಬಿಟ್ಟು ವರ್ಷವಾಗುತ್ತ ಬಂತು. ಆದರೂ ನನ್ನಿಂದ ಮನೆಯವರಿಗೆ ನೋವಾಗುತ್ತಿದೆ. ಏಕೆ?"

ಕೇಳಿದ ಶಿಷ್ಯ ಪಾತ್ರೆ ಅಂಗಡಿಯವನು. ಸೊಂಟದಲ್ಲಿದ್ದ ಬೀಗದ ಕೈಗಳ ಗೊಂಚಲು ಕೂತಾಗ ಚುಚ್ಚುತ್ತದೆಂದು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಅಂಗಡಿಯನ್ನು ತಮ್ಮನೊಡನೆ ಸೇರಿ ನಡೆಸುತ್ತಿದ್ದ. ಆ ತಮ್ಮ ಈಗ ಅಣ್ಣನೊಡನೆ ಮಾತು ಬಿಟ್ಟಿದ್ದ. ನಾಳೆ ಬೆಳಗ್ಗೆ ಮನೆಯನ್ನೂ ಬಿಡುತ್ತೇನೆಂದು ತನ್ನ ಹೆಂಡತಿಯ ಕೈಲಿ ಹೇಳಿಸಿದ್ದ.

"ಸ್ಟೀಲ್ ವ್ಯಾಪಾರ ನನಗೆ ಬಿಡಣ್ಣಾ ಅಂತ ಅವನು ಕೇಳಿದಾಗಲೆಲ್ಲ, ನಂದು ನಿಂದು ಅಂತ ಏನಿದೆಯೋ, ಎಲ್ಲ ಶಿವನದು ಅಂತಲೇ ಸಮಾಧಾನ ಹೇಳಿದ್ದೇನೆ. ಅದಕ್ಕೂ ಸಿಟ್ಟು ಮಾಡಿಕೊಂಡರೆ ನಾನೇನು ಮಾಡಲಿ?"

ಗುರುಗಳು ತಿರುಗಿ ಅವನನ್ನೇ ಕೇಳಿದರು.

"ಬೇಸ್‌ಬಾಲ್ ಗೊತ್ತೇ?"

ಶಿಷ್ಯ ಕಣ್ಣರಳಿಸಿದ. "ಕ್ರಿಕೆಟ್ ಗೊತ್ತು."

"ಅದರ ದಾಯಾದಿ. ಕೇಳು."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಗದ್ದಿಗೆಯ ಮೇಲೆ ಕೂತು ಕೂತು ಹೊಟ್ಟೆ ಬಂದಿತ್ತು. ಮೈ ಬಗ್ಗಿಸದಿದ್ದರೆ ಮಾತ್ರೆಯೇ ಊಟವಾದೀತು ಎಂದು ವೈದ್ಯ ಹೆದರಿಸಿದ. ಅದೇ ಊರಿನ ಮೈದಾನದಲ್ಲಿ ಒಬ್ಬ ಡ್ರಿಲ್ ಮೇಷ್ಟ್ರು ನಡುವಯಸ್ಸಿನ ಗಂಡಸರನ್ನು ಕಲೆಹಾಕಿ ಬೆಳಬೆಳಗ್ಗೆ ಬೇಸ್‌ಬಾಲ್ ಆಡಿಸುತ್ತಿದ್ದ. ದುಂಡು ದೊಣ್ಣೆಯಿಂದ ಚೆಂಡು ಹೊಡೆಯುವುದು, ನಾಲ್ಕು ಮೂಲೆ ಮುಟ್ಟಿ ಓಡುವುದು, ಮೊರದಗಲದ ಚರ್ಮದ ಗ್ಲೌಸಿನಲ್ಲಿ ಹಿಡಿಯುವುದು. ವ್ಯಾಪಾರಿಯೂ ಸೇರಿದ.

ಮೇಷ್ಟ್ರು ಆಟಕ್ಕಿಂತ ಎಚ್ಚರವನ್ನೇ ಹೆಚ್ಚು ಕಲಿಸುತ್ತಿದ್ದ. ಮೈ ಬಿಸಿಯಾಗದೆ ಓಡಿದರೆ ತೊಡೆ ಹಿಡಿಯುತ್ತದೆ. ಹುರುಪಿನಲ್ಲಿ ಎಸೆದದ್ದೇ ಎಸೆದರೆ ಮರುದಿನ ಕೈಯೆತ್ತಿ ಅಂಗಿ ತೊಡಲಾಗದು. ಇವನ್ನೆಲ್ಲ ವ್ಯಾಪಾರಿ ನರಳಿಯೇ ಕಲಿತ. ಒಂದು ಮಾತ್ರ ಉಳಿದಿತ್ತು.

"ಚೆಂಡು ಮೇಲೆ ಹೋದರೆ ಎಲ್ಲರ ಕಣ್ಣೂ ಆಕಾಶದಲ್ಲಿರುತ್ತೆ, ಎದುರಿಂದ ಬರೋನು ಕಾಣೋಲ್ಲ," ಎಂದ ಮೇಷ್ಟ್ರು. "ಹಿಡಿಯೋನು 'ನಂದು' ಅಂತ ಕೂಗಬೇಕು. ಕೂಗು ಕೇಳಿದೋನು ನಿಲ್ಲಬೇಕು. ಹಲ್ಲು ಉಳಿಸಿಕೊಳ್ಳೋಕೆ ಬೇರೆ ದಾರಿಯಿಲ್ಲ."

ವ್ಯಾಪಾರಿಗೆ ಪೇಚಾಟವಾಯಿತು. ಅವನೂ 'ನಂದು' ಎನ್ನುವುದನ್ನು ಬಿಟ್ಟವನು. ಮನೆಯಲ್ಲಿ ಹೆಂಡತಿ "ಬಾಗಿಲಿಗೆ ಅಡ್ಡ ಈ ಚಪ್ಪಲಿ ಯಾರದ್ರೀ?" ಎಂದರೆ, "ದೇವರದು" ಎನ್ನುವನು. "ಹಾಗಾದ್ರೆ ಬದಿಗೆ ಬಿಡೋಕೆ ಹೇಳಿ ದೇವರಿಗೆ," ಎಂದು ಆಕೆ ಒಳಗೆ ಹೋಗುವಳು. ವ್ರತ ಮಾತ್ರ ಕೆಡಲಿಲ್ಲ.

ಅವನ ಪಕ್ಕದಲ್ಲಿ ಆಡುತ್ತಿದ್ದವನು ಒಬ್ಬ ದರ್ಜಿ. "'ನಂದು' ಅನ್ನೋಕೆ ಬಾಯಿ ಬರದಿದ್ರೆ 'ನಿಂದು' ಅನ್ನಿ ಸಾವ್ಕಾರ್ರೇ, ನಾನು ಹಿಡೀತೀನಿ," ಎಂದು ನಕ್ಕ. ವ್ಯಾಪಾರಿಯೂ ನಕ್ಕ. ಅದನ್ನೂ ಅನ್ನಲಿಲ್ಲ. ಕೂಗದೆ ಓಡಿ ಹಿಡಿಯುತ್ತಿದ್ದ.

ಒಂದು ಬೆಳಗ್ಗೆ ಚೆಂಡು ಬಲು ಎತ್ತರ ಹೋಯಿತು. ಒಂದು ಕಡೆಯಿಂದ ದರ್ಜಿ ಓಡಿದ, ಇನ್ನೊಂದು ಕಡೆಯಿಂದ ವ್ಯಾಪಾರಿ. ಇಬ್ಬರ ಮುಖವೂ ಮೇಲೆ. ದರ್ಜಿ "ನಂದು!" ಎಂದು ಕೂಗಿದ. ಮೈದಾನವೆಲ್ಲ ನಿಂತಿತು, ವ್ಯಾಪಾರಿಯೊಬ್ಬ ನಿಲ್ಲಲಿಲ್ಲ.

ಇಬ್ಬರೂ ಒಂದೇ ರಾಶಿಯಾಗಿ ಬಿದ್ದರು. ವ್ಯಾಪಾರಿಯ ತುಟಿ ಒಡೆಯಿತು. ದರ್ಜಿಯ ಮಣಿಕಟ್ಟು ಮುರಿಯಿತು, ಅದೂ ಕತ್ತರಿ ಹಿಡಿಯುವ ಕೈಯದು.

"ಕೂಗಿದ್ನಲ್ಲ ಸಾವ್ಕಾರ್ರೇ," ದರ್ಜಿ ನೆಲದಿಂದಲೇ ಕೇಳಿದ, "ಕೇಳಿಸ್ಲಿಲ್ವಾ?"

"ಕೇಳಿಸಿತಪ್ಪಾ," ಎಂದ ವ್ಯಾಪಾರಿ. ಅವನಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ಆದರೆ ಚೆಂಡು ನಂದು ಅಂತ ನಾನೆಲ್ಲಿ ಅಂದೆ?"

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬಹಳ ಯೋಚಿಸಿದ. ಆ ವ್ಯಾಪಾರಿಯ ಮೇಲೆ ಅವನಿಗೆ ಮರುಕ ಹುಟ್ಟಿತ್ತು. ವ್ರತ ಕಾಪಾಡಿಕೊಂಡವನ ತುಟಿಯೇ ಒಡೆಯಬೇಕೇ? ತೊಡೆಯ ಮೇಲಿನ ಗೊಂಚಲು ಯಾವಾಗಲೋ ಅವನ ಮುಷ್ಟಿಯೊಳಗೆ ಸೇರಿತ್ತು.

"ಗುರುಗಳೇ, 'ನಂದು' ಅಂದವನು ದರ್ಜಿ ತಾನೇ? ಹಾಗಾದರೆ ಆಸೆ ಇದ್ದದ್ದು ಅವನಿಗೇ ಅಲ್ಲವೇ?"

"ಬಿದ್ದ ಮೇಲೂ ಚೆಂಡು ಇದ್ದದ್ದು ವ್ಯಾಪಾರಿಯ ಗ್ಲೌಸಿನಲ್ಲಿ," ಎಂದರು ಗುರುಗಳು.