ಭಾವಮೈದ ರೈತನಾದದ್ದು

"ನನ್ನ ಹಾಗೆ ರೈತರಿಗೆ ಕೈ ಬಿಚ್ಚಿ ಕೊಟ್ಟ ರಾಜ ಇನ್ನೊಬ್ಬ ಇದ್ದಾನೇನಯ್ಯಾ ಸೂರಪ್ಪ?"

ಹೊಳೆನೂರಿನ ರಾಜ ವಿಜಯಭೂಪ ಮೀಸೆ ತಿರುವುತ್ತ ಕೇಳಿದ. ಆ ವರ್ಷ ಮನೆಮನೆಯಲ್ಲಿ ಎತ್ತಿಟ್ಟಿದ್ದ ಬಿತ್ತನೆ ಜೋಳಕ್ಕೆಲ್ಲ ಹುಳ ಬಿದ್ದಿತ್ತು. ರಾಜ ಅರಮನೆಯ ಕಣಜ ತೆರೆಸಿ, ರೈತರಿಗೆಲ್ಲ ಪುಕ್ಕಟೆ ಬೀಜ ಅಂತ ಡಂಗುರ ಸಾರಿಸಿದ್ದ.

ಆಸ್ಥಾನದ ವಿದೂಷಕ ಸೂರಪ್ಪ ಕೈಮುಗಿದ. "ಇಲ್ಲವೇ ಇಲ್ಲ ಪ್ರಭು. ಆದರೆ ಆ ಬೀಜ ರೈತರ ಕೈ ಸೇರಿತಾ ಅಂತ ಇವಳನ್ನು ಕೇಳಿ."

ಬಾಗಿಲಲ್ಲಿ ಕೆಂಗಮ್ಮ ನಿಂತಿದ್ದಳು. ಗಂಡನಿಲ್ಲದವಳು, ಮೂರು ಮಕ್ಕಳ ತಾಯಿ, ಇರುವುದೊಂದು ತುಂಡು ಹೊಲ.

"ಬುದ್ಧೀ, ಹೊಲ ಹದಕ್ಕೆ ಬಂದೈತೆ. ನಾಡಿದ್ದರೊಳಗೆ ಬೀಜ ಬೀಳದಿದ್ರೆ ಈ ವರ್ಷ ನನ್ನ ಮಕ್ಕಳಿಗೆ ಮಣ್ಣೇ ಗತಿ. ಕಣಜಕ್ಕೆ ಹೋದ್ರೆ ಒಂದು ಕಾಳೂ ಇಲ್ಲ ಅಂದ್ರು."

"ಅಷ್ಟು ಜೋಳ ಎಲ್ಲಿ ಹೋಯಿತು?" ರಾಜ ಹುಬ್ಬು ಗಂಟಿಕ್ಕಿದ.

ಎಲ್ಲಿಗೆ ಹೋಗುತ್ತೆ! ರಾಜನ ಭಾವಮೈದ ಮಲ್ಲರಸನ ಮನೆಗೆ ಹೋಗಿತ್ತು. ಈ ಮಹಾಶಯ ನೇಗಿಲನ್ನು ಕಂಡಿದ್ದರೆ ಪಲ್ಲಕ್ಕಿಯೊಳಗಿಂದ ಕಂಡಿರಬೇಕು, ಅದೂ ನಿದ್ದೆಗಣ್ಣಲ್ಲಿ. ಆದರೆ ಊರ ಸುತ್ತಲಿನ ಜಮೀನೆಲ್ಲ ಅವನ ಹೆಸರಲ್ಲೇ ಇತ್ತು. ಅರ್ಧಕ್ಕರ್ಧ ಬೀಳು ಬಿದ್ದಿತ್ತು, ಅದು ಬೇರೆ ಮಾತು. ಡಂಗುರ ಕೇಳಿದ್ದೇ ತಡ, ಗಾಡಿ ಕಟ್ಟಿಸಿಕೊಂಡು ಬಂದು ಕಣಜ ಗುಡಿಸಿಕೊಂಡು ಹೋಗಿದ್ದ. ನಾಚಿಕೆಗೇಡಿ!

"ನಾನೇ ಒಯ್ದೆ. ಅದರಲ್ಲಿ ತಪ್ಪೇನು ಭಾವ?" ಪಕ್ಕದಲ್ಲೇ ಎಲೆಯಡಿಕೆ ಜಗಿಯುತ್ತ ಕೂತಿದ್ದ ಮಲ್ಲರಸ ಕೇಳಿದ. "ಹೆಚ್ಚು ಹೊಲ ಇದ್ದವನಿಗೆ ಹೆಚ್ಚು ಬೀಜ. ನನಗಿಂತ ದೊಡ್ಡ ರೈತ ಈ ಸೀಮೆಯಲ್ಲಿದ್ದರೆ ತೋರಿಸಿ, ನೋಡೋಣ!"

ರಾಜನಿಗೆ ರಾಣಿಯ ಮುಖ ನೆನಪಾಯಿತು. ಬಾಯಿ ಮುಚ್ಚಿಕೊಂಡ.

ಸೂರಪ್ಪ ಮುಚ್ಚಲಿಲ್ಲ. "ಆಹಾ, ದೊಡ್ಡ ರೈತರೇ ಸರಿ! ಪ್ರಭು, ಮಳೆ ಜೋರಾಗುವ ಮೊದಲು ಕೆರೆಯ ಹೂಳು ತೆಗೆಸಬೇಕಲ್ಲ, ಅದು ರೈತರ ಪಾಲಿನ ಕೆಲಸ. ಇವರು ಹೇಳಿದ ಲೆಕ್ಕವನ್ನೇ ಹಿಡಿಯೋಣ. ಹೆಚ್ಚು ಬೀಜ ಪಡೆದವನು ಹೆಚ್ಚು ಹೂಳು ಹೊರಲಿ. ಪದ್ಧತಿಯಂತೆ ತಾನೇ ಹೊರಬೇಕು, ಆಳು ಕಳಿಸುವಂತಿಲ್ಲ."

ಭಾವಮೈದನನ್ನು ಬೈಯದೇ ಪಾರಾದೆನಲ್ಲ ಅಂತ ರಾಜ ತಕ್ಷಣ ಅಪ್ಪಣೆ ಕೊಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಕೆರೆ ಏರಿಯ ಮೇಲೆ ನೆರೆದಿತ್ತು. ರಾಜನೂ ಬಂದಿದ್ದ. ಸೂರಪ್ಪ ಒಂದು ಬುಟ್ಟಿ ತಂದು ಮಲ್ಲರಸನ ರೇಷ್ಮೆ ಪೇಟದ ಮೇಲೆಯೇ ಇಟ್ಟ.

"ಥೂ! ತೆಗೆಯೋ ಇದನ್ನ!" ಮಲ್ಲರಸ ಕಿರುಚಿದ. "ನಾನು ಕೆಸರಿಗೆ ಇಳಿಯೋದಾ? ನಾನೇನು ರೈತನಾ? ನಮ್ಮಪ್ಪ, ನಮ್ಮಜ್ಜ, ನಮ್ಮ ವಂಶದಲ್ಲೇ ಯಾರೂ ಮಣ್ಣು ಮುಟ್ಟಿದವರಲ್ಲ. ಬೇಕಾದರೆ ದೇವರ ಮೇಲೆ ಆಣೆ ಮಾಡ್ತೀನಿ!"

"ಆಣೆ ಯಾಕೆ ಸ್ವಾಮಿ, ನಿಮ್ಮ ಕೈ ನೋಡಿದರೇ ಗೊತ್ತಾಗುತ್ತೆ," ಅಂದ ಸೂರಪ್ಪ. "ಪ್ರಭು, ಊರೆಲ್ಲ ಕೇಳಿಸಿಕೊಂಡಿತು. ಇವರು ರೈತರಲ್ಲವಂತೆ. ಹಾಗಾದರೆ ರೈತರ ಬೀಜ ಇವರ ಮನೆಯಲ್ಲಿ ಯಾಕಿದೆ? ಒಂದೋ ಈ ಬುಟ್ಟಿ ಹೊರಲಿ, ಇಲ್ಲಾ ಆ ಮೂಟೆಗಳನ್ನು ಹೊತ್ತು ಹೊಲಹೊಲಕ್ಕೆ ಮುಟ್ಟಿಸಲಿ."

ಜನ ಗೊಳ್ಳೆಂದರು. ರಾಜನಿಗೂ ನಗು ತಡೆಯಲಾಗಲಿಲ್ಲ. ಮಲ್ಲರಸ ಕೆಸರನ್ನೊಮ್ಮೆ ನೋಡಿ, ರಾಜನನ್ನೊಮ್ಮೆ ನೋಡಿ, "ಮೂಟೆ," ಅಂತ ಗೊಣಗಿದ.

ಮೊದಲ ಮೂಟೆ ಕೆಂಗಮ್ಮನ ಹೊಲಕ್ಕೆ ಹೋಯಿತು. ಅವಳು ಕಾಳನ್ನು ಬೊಗಸೆಯಲ್ಲಿ ಹಿಡಿದು, "ನನ್ನ ಮಕ್ಕಳು ಬದುಕಿಕೊಂಡವು ಕಣಪ್ಪಾ," ಅಂತ ಅತ್ತುಬಿಟ್ಟಳು.

ಮಲ್ಲರಸ ಬದುವಿನ ಮೇಲೆ ಧೊಪ್ಪನೆ ಕುಸಿದ. "ಅಯ್ಯಯ್ಯೋ, ಸೊಂಟ ಬಿದ್ದುಹೋಯಿತು! ರೈತರ ಬಾಳು ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ."

"ಇದು ರೈತರ ಕಷ್ಟ ಅಲ್ಲ ಸ್ವಾಮಿ," ಅಂದ ಸೂರಪ್ಪ, "ಕದ್ದ ಮಾಲನ್ನು ವಾಪಸ್ಸು ತಂದಿಡೋ ಕಷ್ಟ. ರೈತರ ಕಷ್ಟ ಇನ್ನೂ ಶುರುವೇ ಆಗಿಲ್ಲ. ಏಳಿ, ಬಿತ್ತೋದು ಬಾಕಿ ಇದೆ."