ಕೂಗಳತೆ ದೂರ

ಬೆಟ್ಟಗಳಾಚೆಯ ಕುರಿಗಳಿಗೆ ಉಪ್ಪು ಹೊತ್ತು ಹೊರಟ ಹೇಸರಗತ್ತೆ, ದಿನಕ್ಕೊಂದು ಬೆಟ್ಟದಂತೆ ಏಳು ದಿನಕ್ಕೆ ಬರುವೆನೆಂದು ಮಾತು ಕೊಟ್ಟಿತ್ತು. ಜೊತೆಗೆ ಮೂಟೆ ಹೊತ್ತಿದ್ದ ಕುದುರೆ ಮೊದಲ ಬೆಟ್ಟದ ನೆತ್ತಿಯಲ್ಲಿ ನಿಂತು ಕೆನೆಯಿತು. ಎದುರು ಬೆಟ್ಟದಿಂದ ಯಾವುದೋ ಕುದುರೆ ಓಗೊಟ್ಟಿತು.

“ಕೇಳಿದೆಯಾ? ಬರೀ ಕೂಗಳತೆ ದೂರ! ದಿನಕ್ಕೆರಡು ಬೆಟ್ಟ ದಾಟೋಣ,” ಎಂದಿತು ಕುದುರೆ.

“ಅಯ್ಯಾ, ಕೂಗು ಕಣಿವೆಗೆ ಇಳಿಯುವುದಿಲ್ಲ, ಮೂಟೆ ಹೊರುವುದೂ ಇಲ್ಲ. ನನಗೆ ದಿನಕ್ಕೊಂದೇ ಬೆಟ್ಟ,” ಎಂದಿತು ಹೇಸರಗತ್ತೆ.

ಕುದುರೆ ನಗುತ್ತ ಮುಂದೋಡಿತು. ಮೂರನೆಯ ದಿನ ಕಾಲು ಊದಿಸಿಕೊಂಡು ಹಿಂದೆ ಬಿತ್ತು.

ಏಳನೆಯ ದಿನ ಸಂಜೆ ಹೇಸರಗತ್ತೆ ತಲೆಯೆತ್ತಿಕೊಂಡು ಕುರಿಹಟ್ಟಿ ಹೊಕ್ಕಿತು. ಹಿರಿಯ ಟಗರು ಉಪ್ಪು ನೆಕ್ಕಿ ನೋಡಿ, “ಕುದುರೆ ಎಲ್ಲಪ್ಪ?” ಎಂದು ಕೇಳಿತು. ಅಷ್ಟರಲ್ಲಿ ಹಿಂದಿನ ಬೆಟ್ಟದಿಂದ ಸೋತ ಕೆನೆತವೊಂದು ಕೇಳಿಬಂತು.

“ಹತ್ತಿರವೇ ಇದೆ ಸ್ವಾಮಿ,” ಎಂದಿತು ಹೇಸರಗತ್ತೆ, “ಕೂಗಳತೆ ದೂರದಲ್ಲಿ.”